‘ಬಿಳಿ ಹೋಗ್ತಿದೆ’ ಅಂದರೆ ಸಾಲದು, ಹೇಗೆ ಅಂತಲೂ ಹೇಳಿ

ಪುಸ್ತಕದಲ್ಲಿ ಇದು ಬಿಳಿ ಸ್ರಾವ. ನಮ್ಮ ಕಡೆ ಹೆಂಗಸರ ಬಾಯಲ್ಲಿ ‘ಬಿಳಿ ಹೋಗುವುದು’. ಹೆಸರು ಯಾವುದಾದರೂ ಹೇಳುವಾಗ ದನಿ ತಗ್ಗುತ್ತದೆ. ನಾನೀಗ ಏಳು ತಿಂಗಳ ಬಸುರಿ, ನಿಟ್ಟೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತೇನೆ. ಮೊನ್ನೆ ತಪಾಸಣೆಗೆ ಹೋದಾಗ ‘ಬಿಳಿ ಹೋಗ್ತಿದೆ ಡಾಕ್ಟ್ರೇ’ ಅಂದೆ. ಅವರು ಮದ್ದು ಬರೆಯಲಿಲ್ಲ, ಪ್ರಶ್ನೆ ಕೇಳಿದರು. ಬಣ್ಣ ಎಂತದ್ದು? ವಾಸನೆ ಉಂಟಾ? ತುರಿಕೆ? ಉರಿಮೂತ್ರ? ಅಂಟಂಟಾಗಿದೆಯಾ, ನೀರಿನ ಹಾಗಾ? ‘ಸಾಫ್ಟ್‌ವೇರ್ ಕೆಲಸ ಮಾಡಲಿಲ್ಲ’ ಅಂತಷ್ಟೇ ಬರೆದು ಟಿಕೆಟ್ ಹಾಕುವವರ ಮೇಲೆ ನಾವು ರೇಗುತ್ತೇವಲ್ಲ, ಇದೂ ಹಾಗೇ. ಬಿಳಿ ಹೋಗುತ್ತದೆ ಎಂಬ ಎರಡು ಪದದಲ್ಲಿ ಏನೂ ಅಲ್ಲದ್ದೂ ಇರಬಹುದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕಾದ್ದೂ ಇರಬಹುದು.

ಹೆಚ್ಚಿನ ಸಲ ಏನೂ ಅಲ್ಲದ್ದೇ. ಬಸಿರಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಏರುತ್ತದೆ, ಆ ಭಾಗಕ್ಕೆ ರಕ್ತದ ಓಡಾಟ ಜಾಸ್ತಿಯಾಗುತ್ತದೆ, ಗರ್ಭಕೋಶದ ಬಾಯಿಯ ಗ್ರಂಥಿಗಳು ಹೆಚ್ಚು ಲೋಳೆ ಸುರಿಸುತ್ತವೆ. ಯೋನಿಯಲ್ಲಿ ಮೊದಲಿನಿಂದಲೂ ಇರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಪಿಎಚ್ ಅನ್ನು ಸುಮಾರು 3.8ರಿಂದ 4.5ರ ಒಳಗೆ ಇಡುತ್ತದೆ. ಆ ಹುಳಿಯಲ್ಲಿ ಕೆಟ್ಟ ಸೂಕ್ಷ್ಮಾಣುಗಳು ಸುಲಭಕ್ಕೆ ಬೆಳೆಯುವುದಿಲ್ಲ. ಹಾಗಾಗಿ ತೆಳುವಾಗಿ, ಹಾಲಿನ ಬಣ್ಣದಲ್ಲಿ, ಹೆಚ್ಚು ವಾಸನೆಯಿಲ್ಲದೆ ಹೋಗುವ ಬಿಳಿ ಒಂದು ಕಾವಲು. ತಿಂಗಳು ತುಂಬುತ್ತಾ ಬಂದಂತೆ ಅದು ಹೆಚ್ಚಾಗುವುದೂ ಸಹಜ.

ಆದರೆ ಮನೆಯ ಹಿರಿಯರ ಲೆಕ್ಕ ಬೇರೆ. ‘ಮೂಳೆ ಕರಗಿ ಹೋಗ್ತದೆ ಮಾರಾಯ್ತಿ, ಅದಕ್ಕೇ ನಿನಗೆ ಸೊಂಟನೋವು’ ಅಂತ ಒಬ್ಬರು, ‘ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ’ ಅಂತ ಇನ್ನೊಬ್ಬರು. ಬಾರ್ಲಿಯಿಂದ ಹಾನಿಯಿಲ್ಲ, ಸೆಕೆಗೆ ಹಿತವೇ. ಮೂಳೆ ಮಾತ್ರ ಕರಗುವುದಿಲ್ಲ. ಬಸುರಿಯ ಸೊಂಟ ನೋಯುವುದು ಹೊಟ್ಟೆಯ ಭಾರಕ್ಕೆ, ಸಡಿಲವಾಗುವ ಕೀಲುಗಳಿಗೆ. ಹಾಗೆಂದು ಈ ನಂಬಿಕೆಯನ್ನು ನಕ್ಕು ತಳ್ಳಲು ನನಗೆ ಮನಸ್ಸಿಲ್ಲ. ಕೆಳಗಿನ ವಿಷಯ ಬಾಯಿಬಿಟ್ಟು ಹೇಳಲಾಗದ ಹೆಂಗಸಿಗೆ ‘ಉಷ್ಣ’ ಎಂಬುದೊಂದು ಮರ್ಯಾದೆಯ ಮಾತು. ತೊಂದರೆ ಏನೆಂದರೆ, ಸೋಂಕಾದರೂ ಅದೇ ಉಷ್ಣ, ಅದೇ ಬಾರ್ಲಿ.

ಸೋಂಕಿನ ಗುರುತು ಬೇರೆ ಇರುತ್ತದೆ. ಒಡೆದ ಹಾಲಿನ ಗೆಡ್ಡೆಯ ಹಾಗೆ ದಪ್ಪಗೆ ಹೋಗಿ ತುರಿಕೆ, ಉರಿ ಇದ್ದರೆ ಸಾಮಾನ್ಯವಾಗಿ ಅದು ಶಿಲೀಂಧ್ರ. ಬಸುರಿಯರಲ್ಲಿ ಇದು ಬಹಳ ಸಾಮಾನ್ಯ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ಬೂದು ಬಣ್ಣ, ಮೀನಿನಂಥ ವಾಸನೆ ಇದ್ದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದೆ ಅಂತ. ಹಳದಿ ಹಸಿರು ನೊರೆ ಬಂದರೆ ಲೈಂಗಿಕ ಸಂಪರ್ಕದಿಂದ ಬರುವ ಸೋಂಕೂ ಇರಬಹುದು, ಆಗ ಗಂಡನಿಗೂ ಚಿಕಿತ್ಸೆ ಬೇಕು. ಎಲ್ಲಕ್ಕೂ ಮದ್ದಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಫ್ಲುಕೊನಜೋಲ್ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ. ಬಸಿರಿನಲ್ಲಿ ಡಾಕ್ಟರು ಸಾಮಾನ್ಯವಾಗಿ ಕೊಡುವುದು ಹಚ್ಚುವ ಕ್ರೀಮು ಅಥವಾ ಒಳಗಿಡುವ ಮಾತ್ರೆ.

ನನಗೆ ನಿಜಕ್ಕೂ ಹೆದರಿಕೆ ಇರುವುದು ನೀರಿನ ವಿಷಯದಲ್ಲಿ. ನೆತ್ತಿನೀರು ಒಡೆಯುವುದೆಂದರೆ ಸಿನಿಮಾದ ಹಾಗೆ ಬಳಬಳ ಸುರಿಯುತ್ತದೆ ಅಂತ ಹಲವರ ಎಣಿಕೆ. ಎಷ್ಟೋ ಸಲ ಅದು ಜಿನುಗುತ್ತದೆ ಅಷ್ಟೇ, ಬಟ್ಟೆ ಮತ್ತೆ ಮತ್ತೆ ಒದ್ದೆಯಾಗುತ್ತದೆ. ‘ಬಿಳಿ ಜಾಸ್ತಿ ಆಗಿದೆ’ ಅಂದುಕೊಂಡು ಎರಡು ದಿನ ಕಳೆದರೆ ಚೀಲದ ತೂತಿನಿಂದ ಸೋಂಕು ಮಗುವಿನವರೆಗೆ ಹೋಗಬಹುದು. ಗುರುತಿಸುವುದು ಹೀಗೆ: ಬಿಳಿ ಅಂಟಾಗಿರುತ್ತದೆ. ಮೂತ್ರಕ್ಕೆ ಮೂತ್ರದ್ದೇ ವಾಸನೆ, ಕೆಮ್ಮಿದಾಗ ಸೀನಿದಾಗ ಸೋರಿ ನಿಲ್ಲುತ್ತದೆ. ಗರ್ಭದ ನೀರು ತೆಳ್ಳಗೆ ನೀರಿನಂತೆಯೇ ಇದ್ದು, ತಡೆದರೂ ನಿಲ್ಲುವುದಿಲ್ಲ. ಅನುಮಾನವಿದ್ದರೆ ಮೂತ್ರ ಮಾಡಿ ಬಂದು ಒಣ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಿ ಏಳಿ. ಎದ್ದ ಕೂಡಲೇ ಮತ್ತೆ ಒದ್ದೆಯಾದರೆ ಆ ಪ್ಯಾಡನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಒದ್ದೆಯಾಗದಿದ್ದರೂ ಅನುಮಾನ ಉಳಿದರೆ ಫೋನ್ ಮಾಡಿ ಕೇಳಿ. ನೀರು ಹಸಿರು ಅಥವಾ ಕಂದು ಇದ್ದರೆ, ಜ್ವರವಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ಕೆಂಪು ರಕ್ತ ಹೋದರೆ ಪ್ಯಾಡ್ ಪರೀಕ್ಷೆಯೂ ಬೇಡ, ಹೊರಡಿ. 37 ವಾರ ತುಂಬುವ ಮೊದಲೇ ಲೋಳೆಯ ಗಟ್ಟಿ ಉಂಡೆ ಹೋಗಿ, ಸೊಂಟ ಹಿಡಿದಂತಾಗಿ, ಕೆಳಗೆ ಒತ್ತಿದಂತೆ ಅನಿಸಿದರೂ ಅಷ್ಟೇ. ದಿನ ತುಂಬಿದ ಮೇಲೆ ಸ್ವಲ್ಪ ರಕ್ತ ಬೆರೆತ ಲೋಳೆ ಹೆರಿಗೆ ಹತ್ತಿರವಾದ ಸೂಚನೆ.

ನಮ್ಮೂರಿನವರಿಗೆ ಇನ್ನೊಂದು ಕಷ್ಟ ಮಳೆಗಾಲ. ಜೂನ್ ಶುರುವಾದರೆ ಬಟ್ಟೆ ಒಣಗುವುದೇ ಇಲ್ಲ. ಒಳಉಡುಪನ್ನು ನಾಚಿಕೆಗೆ ಸೀರೆಯ ಅಡಿಯಲ್ಲಿ ಒಣ ಹಾಕಿದರೆ ಅದು ಒದ್ದೆಯಾಗಿಯೇ ಇರುತ್ತದೆ, ಶಿಲೀಂಧ್ರಕ್ಕೆ ಬೇಕಾದ್ದೇ ಅದು. ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ, ಇಲ್ಲವೇ ಇಸ್ತ್ರಿ ಹಾಕಿ. ಹತ್ತಿಯದ್ದೇ ಇರಲಿ. ಒಳಗೆ ನೀರು ಹಾಯಿಸಿ ತೊಳೆಯುವುದು, ಪರಿಮಳದ ವಾಶ್‌ಗಳು, ಎರಡೂ ಬೇಡ. ಜಾಹೀರಾತು ಏನೇ ಹೇಳಲಿ, ಅವು ತೊಳೆದು ಹಾಕುವುದು ಆ ಕಾವಲಿನವನನ್ನೇ. ಹೊರಭಾಗಕ್ಕೆ ಬರೀ ನೀರು ಸಾಕು.

ಕೇಳಲು ದುಡ್ಡಿನ ಅಡ್ಡಿ ಇದ್ದವರಿಗೆ ಒಂದು ಮಾತು. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ನಿಮ್ಮ ಆಶಾ ಅಕ್ಕನಿಗೆ ಜಾಗ ಗೊತ್ತಿರುತ್ತದೆ. ರಾತ್ರಿ ನೀರು ಹೋಗಲು ಶುರುವಾಗಿ ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಆ ಕಡೆಯಿಂದ ಕೇಳುವವರು ಗಂಡಸರಾಗಿರಬಹುದು, ಪರವಾಗಿಲ್ಲ. ಎಷ್ಟು ವಾರ, ಎಷ್ಟು ಹೊತ್ತಿನಿಂದ, ಯಾವ ಬಣ್ಣ ಅಂತ ಹೇಳಿ.