ಪೀಪಾಯಿಯಲ್ಲಿ ಹುದುಗಿದ ಉಸಿರು

ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ, ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲೋ ಕಾರು ನಿಲ್ಲಿಸುವ ಕೊಟ್ಟಿಗೆಯ ಮೂಲೆಯಲ್ಲೋ, ದಪ್ಪ ಪ್ಲಾಸ್ಟಿಕ್ಕಿನ ಒಂದು ಪೀಪಾಯಿ ಕುಳಿತಿರುವುದುಂಟು. ಅದರೊಳಗೆ 40 ಪೈಂಟ್, ಎಂದರೆ ಸುಮಾರು 23 ಲೀಟರ್, ಮನೆಯಲ್ಲೇ ತಯಾರಿಸಿದ ಬಿಯರ್. 1880ರಲ್ಲಿ ಗ್ಲ್ಯಾಡ್‌ಸ್ಟನ್ನರು ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಸುಂಕ ಹಾಕಿದಾಗ, ಮನೆಯಲ್ಲಿ ಬಿಯರ್ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. ಆ ಕಟ್ಟಳೆಯನ್ನು 1963ರಲ್ಲಿ ಹಣಕಾಸಿನ ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದರು. ಅಲ್ಲಿ ಈಗ ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮ ರಾಜ್ಯದಲ್ಲಾದರೋ ಪರವಾನಗಿಯಿಲ್ಲದೆ ಮಾಡುವುದೇ ಅಪರಾಧ. ಆದ್ದರಿಂದ ಈ ಮಾತುಗಳನ್ನು ತಾವು ಪ್ರಯೋಗಕ್ಕಲ್ಲ, ಅರಿವಿಗಾಗಿ ಕೇಳಬೇಕು.

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿನ ಸೋದರ. ಅದರ ಸಿಹಿ ಕಷಾಯಕ್ಕೆ ಹಾಪ್ಸ್ ಹೂವಿನ ಕಹಿ ಬೆರೆಸಿ ಯೀಸ್ಟ್ ಹಾಕಿದರೆ ಒಂದು ವಾರದಲ್ಲಿ ಸಕ್ಕರೆಯ ಬಹುಭಾಗ ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ಅನಿಲ ಗಾಳಿಗೆ ಹಾರಿಹೋಗುತ್ತದೆ. ಉಳಿಯುವುದು ಸಪ್ಪೆಯಾದ, ಮಬ್ಬು ಮಬ್ಬಾದ ದ್ರವ. ಅದಕ್ಕೆ ಜೀವ ಬರುವುದು ಪೀಪಾಯಿಯಲ್ಲಿ.

ಉಪಾಯ ಸರಳ. ದ್ರವವನ್ನು ಪೀಪಾಯಿಗೆ ಇಳಿಸುವಾಗ ಸುಮಾರು 85 ಗ್ರಾಂ ಸಕ್ಕರೆ ಬೆರೆಸಿ ಮುಚ್ಚಳವನ್ನು ಬಿಗಿಯುತ್ತಾರೆ. ಅಳಿದುಳಿದ ಯೀಸ್ಟ್ ಆ ಸಕ್ಕರೆಯನ್ನು ತಿಂದು, ತೂಕದಲ್ಲಿ ಅದರ ಅರ್ಧದಷ್ಟು ಅನಿಲವನ್ನು ಬಿಡುತ್ತದೆ. ಆ ಅನಿಲವನ್ನು ಹೊರಗೆ ಹರಡಿ ಅಳೆದರೆ ಹೆಚ್ಚುಕಡಿಮೆ 23 ಲೀಟರ್. ಬಿಯರ್ ಎಷ್ಟೋ ಅಷ್ಟೇ! ಅಷ್ಟೂ ಆ ದ್ರವದಲ್ಲಿ ಮತ್ತು ಅದರ ಮೇಲಿನ ಸ್ವಲ್ಪ ಜಾಗದಲ್ಲಿ ಅಡಗಬೇಕು. ಕನ್ನಡದಲ್ಲಿ ‘ಹುದುಗು’ ಎಂದರೆ ಹುಳಿತು ಉಬ್ಬುವುದು, ಅಡಗಿಕೊಳ್ಳುವುದು ಎಂದು ಎರಡರ್ಥ. ಈ ಪೀಪಾಯಿಯೊಳಗೆ ಎರಡೂ ನಡೆಯುತ್ತವೆ. (‘ಪೀಪಾಯಿ’ ಎಂಬ ಮಾತೂ ಪೋರ್ಚುಗೀಸರಿಂದ ಬಂದದ್ದು.)

ಅಡಗುವುದು ಹೇಗೆ? 1767ರಲ್ಲಿ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ನೆರೆಯ ಬಿಯರ್ ತಯಾರಿಕೆಯ ಶಾಲೆಯಲ್ಲಿ ತೊಟ್ಟಿಗಳ ಮೇಲೆ ನಿಂತ ಅನಿಲವನ್ನು ನೀರಿಗೆ ಕೂಡಿಸಿ ನೋಡಿದರು; ಸೋಡಾ ನೀರಿನ ಮೂಲ ಅಲ್ಲಿದೆ. 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಇದರ ನಿಯಮವನ್ನು ಹೇಳಿದರು: ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಅನಿಲ ಹೆಚ್ಚು. ತಂಪಾದರೆ ಇನ್ನೂ ಹೆಚ್ಚು. ಆದಕಾರಣ ಮೊದಲ ಕೆಲವು ದಿನ ಪೀಪಾಯಿಯನ್ನು 20 ಡಿಗ್ರಿಯ ಬೆಚ್ಚನೆಯ ಕೋಣೆಯಲ್ಲಿಟ್ಟು ಯೀಸ್ಟಿಗೆ ಕೆಲಸ ಕೊಡುತ್ತಾರೆ. ಆಮೇಲೆ 12–13 ಡಿಗ್ರಿಯ ತಂಪಿನಲ್ಲಿ ಎರಡು ಮೂರು ವಾರ ಸುಮ್ಮನೆ ಬಿಡುತ್ತಾರೆ. ಮಡ್ಡಿ ತಳ ಸೇರುತ್ತದೆ, ಒರಟು ರುಚಿ ಹದಕ್ಕೆ ಬರುತ್ತದೆ.

ಆತುರಗಾರನಿಗೆ ಇಲ್ಲಿ ಅಪಾಯವಿದೆ. ಮೊದಲ ಹುದುಗು ಮುಗಿಯುವ ಮುನ್ನವೇ ಮುಚ್ಚಳ ಬಿಗಿದರೆ, ಲೆಕ್ಕದ 85 ಗ್ರಾಮಿನ ಜೊತೆಗೆ ಲೆಕ್ಕಕ್ಕೆ ಸಿಗದ ಸಕ್ಕರೆಯೂ ಅನಿಲವಾಗುತ್ತದೆ. ದ್ರವದ ಸಾಂದ್ರತೆಯನ್ನು ತೋರಿಸುವ ಹೈಡ್ರೋಮೀಟರು ಎರಡು ದಿನ ಒಂದೇ ಅಂಕಿಯಲ್ಲಿ ನಿಲ್ಲುವವರೆಗೆ ಕಾಯಬೇಕೆಂಬುದು ಅದಕ್ಕಾಗಿ. ಮುಚ್ಚಳದ ಕವಾಟಕ್ಕೆ ಸುತ್ತಿದ ರಬ್ಬರ್ ಪಟ್ಟಿ ಒತ್ತಡ ಮೀರಿದಾಗ ಸರಿದು ಅನಿಲವನ್ನು ಹೊರಬಿಡುತ್ತದೆ. ನಾಲ್ಕು ಕಾಸಿನ ಆ ಪಟ್ಟಿ ಒಣಗಿ ಅಂಟಿಕೊಂಡರೆ ಪೀಪಾಯಿಯೇ ಬಿರಿಯಬಹುದು. ಪಟ್ಟಿ ಹರಿದರೆ, ಇಲ್ಲವೆ ಮುಚ್ಚಳದಂಚಿನ ಉಂಗುರಕ್ಕೆ ವ್ಯಾಸಲೀನ್ ಸವರದೆ ಬಿಟ್ಟರೆ, ಅನಿಲವೆಲ್ಲ ಸೋರಿ 40 ಪೈಂಟೂ ಮತ್ತೆ ಸಪ್ಪೆ.

ನಲ್ಲಿ ತಿರುವಿ ಬಗ್ಗಿಸಿಕೊಂಡಂತೆಲ್ಲ ಒಳಗಿನ ಒತ್ತಡ ಇಳಿಯುತ್ತದೆ. ಕೊನೆಗೆ ಹೊರಗಿನ ಗಾಳಿ ನುಗ್ಗುತ್ತದೆ, ಅದರ ಆಮ್ಲಜನಕ ರುಚಿಯನ್ನು ಕೆಡಿಸುತ್ತದೆ. ಅದನ್ನು ತಡೆಯಲು 8 ಗ್ರಾಂ ಅನಿಲ ತುಂಬಿದ ಪುಟ್ಟ ಉಕ್ಕಿನ ಬುಡ್ಡಿಯಿಂದ ಮುಚ್ಚಳದ ಮೂಲಕ ಅನಿಲವನ್ನು ಒಳಗೆ ಬಿಡುತ್ತಾರೆ. ಹೊರಗಿನ ಅನಿಲ ತಾಗಿದ್ದು ನಿಜವಾದ ಏಲ್ ಅಲ್ಲವೆಂದು 1971ರಲ್ಲಿ ಹುಟ್ಟಿದ ‘ಕಾಮ್ರಾ’ ಚಳವಳಿಯವರು ಹಟ ಹಿಡಿದರು. ಅವರ ಮಾತು ಪಾನಗೃಹಕ್ಕೆ ಸಲ್ಲುತ್ತದೆ. ಅಲ್ಲಿ ಪೀಪಾಯಿ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ಕುಡಿಯುವವರು ಇಬ್ಬರೇ ಇರುವ ಮನೆಯಲ್ಲಿ 40 ಪೈಂಟು ವಾರಗಟ್ಟಲೆ ಉಳಿಯುವಾಗ, ಶುದ್ಧಿಯ ಹೆಸರಿನಲ್ಲಿ ಹುಳಿಯಾದದ್ದನ್ನು ಕುಡಿಯಬೇಕೆನ್ನುವುದು ನನಗೆ ಸರಿಕಾಣದು.

ನಲ್ಲಿಯನ್ನು ತಳದಿಂದ ಕೊಂಚ ಮೇಲೆ ಕೂರಿಸಿರುವುದು ಮಡ್ಡಿ ಬಾರದಿರಲೆಂದು. ಕೊನೆಯ ಲೋಟಕ್ಕೆ ಆಸೆಪಟ್ಟು ಪೀಪಾಯಿಯನ್ನು ಓರೆಮಾಡಿದರೆ ಬರುವುದು ಯೀಸ್ಟಿನ ಬಗ್ಗಡ.