ಕಫ ಕಟ್ಟುವ ಕಾಯಿಲೆಗೆ ಯೋಗದ ನೆರವು



ಮಗುವಿಗೆ ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪು. ವರ್ಷವಿಡೀ ಕೆಮ್ಮು, ಕಫ. ಎಷ್ಟು ಉಣಿಸಿದರೂ ಮೈ ಹಿಡಿಯಲ್ಲ, ಮಲದಲ್ಲಿ ಜಿಡ್ಡು. ಇವೆಲ್ಲ ಒಟ್ಟಿಗಿದ್ದರೆ ಅದು ‘ಸಿಸ್ಟಿಕ್ ಫೈಬ್ರೋಸಿಸ್’ ಇರಬಹುದು. ಇದು ಬಿಳಿಯರ ಕಾಯಿಲೆ ಎಂದು ಬಹಳ ಕಾಲ ನಂಬಲಾಗಿತ್ತು. ನಮ್ಮ ದೇಶದಲ್ಲೂ ಇದೆ. ಆದರೆ ಟಿ.ಬಿ. ಅಂತಲೋ ಆಸ್ತಮಾ ಅಂತಲೋ ತಿಳಿದು ವರ್ಷಗಟ್ಟಲೆ ಬೇರೆ ಔಷಧಿ ನುಂಗಿಸುವುದುಂಟು. ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಬೆವರಿನ ಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಸರಿಯಾದ ಚಿಕಿತ್ಸೆ ಸಿಕ್ಕಿದ ಮಕ್ಕಳು ಈಗ ಬೆಳೆದು ದೊಡ್ಡವರಾಗಿ ಬದುಕುತ್ತಿದ್ದಾರೆ.

ಏಕೆ ಬರುತ್ತದೆ?

ಇದಕ್ಕೆ ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಅದರಲ್ಲಿ ದೋಷವಿದ್ದರೆ ಜೀವಕೋಶಗಳಲ್ಲಿ ಉಪ್ಪು, ನೀರಿನ ಓಡಾಟ ಕೆಡುತ್ತದೆ. ಶ್ವಾಸಕೋಶದ ಕಫ ಅಂಟಿನಂತೆ ಗಟ್ಟಿಯಾಗಿ, ಅಲ್ಲೇ ಸೋಂಕು ಬೆಳೆಯುತ್ತದೆ. ತಂದೆ ತಾಯಿ ಇಬ್ಬರಲ್ಲೂ ಈ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲೇ ಮದುವೆಯಾದಾಗ ಅಪಾಯ ಹೆಚ್ಚು. ಆದ್ದರಿಂದ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ. ಇದು ಅಂಟುರೋಗವೂ ಅಲ್ಲ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ.

ಯೋಗದಿಂದ ಏನು ಪ್ರಯೋಜನ?

‘ಕೆಮ್ಮುವವಳು ಸುಮ್ಮನೆ ಮಲಗಿರಲಿ’ ಅನ್ನುವುದು ಪ್ರೀತಿಯ ಮಾತೇ. ಆದರೆ ಮಲಗಿದಷ್ಟೂ ಕಫ ಕಟ್ಟುತ್ತದೆ, ತೋಳು ಕಾಲು ಸೋಲುತ್ತವೆ. ಮೈ ಆಡಿದರೆ ಉಸಿರು ಆಳವಾಗಿ, ಕಫ ಸಡಿಲವಾಗುತ್ತದೆ. ಸದಾ ಕೆಮ್ಮಿ ಬಾಗಿದ ಬೆನ್ನು, ಬಿಗಿದ ಎದೆಗೂಡು ಹಗುರಾಗುತ್ತವೆ.

ಯೋಗ ನಮ್ಮ ಜಿಲ್ಲೆಗೆ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದಲ್ಲಿ, 1996ರಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮೀಜಿಯವರು ದಶಕಗಳ ಕಾಲ ಯೋಗ ಕಲಿಸಿದರು. ಬೆಂಗಳೂರಿನ ಡಾ. ನಾಗರತ್ನ ಮತ್ತು ಡಾ. ನಾಗೇಂದ್ರ ಅವರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯೋಗ ಮಾಡಿದ 53 ಆಸ್ತಮಾ ರೋಗಿಗಳಿಗೆ, ಮಾಡದ 53 ಜನರಿಗಿಂತ ಉಬ್ಬಸ ಕಡಿಮೆಯಾಯಿತು. ಆದರೆ ಆಸ್ತಮಾ ಬೇರೆ, ಈ ಕಾಯಿಲೆ ಬೇರೆ. ಇದರ ಬಗ್ಗೆ ನಡೆದಿರುವುದು ಸಣ್ಣ ಅಧ್ಯಯನಗಳು ಮಾತ್ರ. ಯೋಗ ವ್ಯಾಯಾಮವಾಗಿ ನೆರವಾಗುತ್ತದೆ, ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಮಾತ್ರೆ, ನೆಬ್ಯುಲೈಸರ್, ಕಫ ತೆಗೆಯುವ ಫಿಸಿಯೋಥೆರಪಿ ಯಾವುದನ್ನೂ ಬಿಡಬಾರದು.

ಮಾಡುವ ಕ್ರಮ

1. ಮೊದಲು ವೈದ್ಯರನ್ನು ಕೇಳಿ, ಬಲ್ಲವರಿಂದ ಕಲಿಯಿರಿ.
2. ಊಟವಾಗಿ ಎರಡು ಗಂಟೆ ಬಿಟ್ಟು, ಒಲೆಹೊಗೆ ಮತ್ತು ಧೂಳು ಇಲ್ಲದ ಕಡೆ ಮಾಡಿ. ಸಕ್ಕರೆ ಕಾಯಿಲೆಯೂ ಇದ್ದರೆ ಏನು, ಯಾವಾಗ ತಿನ್ನಬೇಕೆಂದು ವೈದ್ಯರಿಂದ ತಿಳಿಯಿರಿ.
3. ತಾಡಾಸನ, ಮಾರ್ಜಾಲಾಸನ, ಭುಜಂಗಾಸನ, ಕುಳಿತು ಸೊಂಟ ತಿರುಗಿಸುವ ವಕ್ರಾಸನ ಎದೆಯನ್ನು ತೆರೆಯುತ್ತವೆ. ಹತ್ತು ನಿಮಿಷದಿಂದ ಶುರುಮಾಡಿ, ನಿಧಾನಕ್ಕೆ ಹೆಚ್ಚಿಸಿ.
4. ನಡುನಡುವೆ ಬಾಯಿ ತೆರೆದು, ಕನ್ನಡಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ಉಸಿರು ಬಿಡಿ. ಬಂದ ಕಫ ನುಂಗಬೇಡಿ, ಉಗುಳಿ.
5. ಉಸಿರು ಬಿಗಿಹಿಡಿಯುವುದು ಬೇಡ. ತಲೆ ಕೆಳಗಾಗುವ ಆಸನದಿಂದ ಹೊಟ್ಟೆಯ ಹುಳಿ ಮೇಲೆ ಬರಬಹುದು. ಕಫದಲ್ಲಿ ರಕ್ತ ಕಂಡಿದ್ದರೆ ಕಪಾಲಭಾತಿ, ಭಸ್ತ್ರಿಕಾ ಖಂಡಿತ ಬೇಡ.

ಈ ಕಾಯಿಲೆಯವರ ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ. ಹಿರಿಯೂರಿನ ಬೇಸಿಗೆ ನಿಮಗೇ ಗೊತ್ತು. ತಂಪು ಹೊತ್ತಿನಲ್ಲಿ ಮಾಡಿಸಿ, ವೈದ್ಯರು ಹೇಳಿದಷ್ಟು ಉಪ್ಪು ಬೆರೆಸಿ ಮಜ್ಜಿಗೆ ಕೊಡಿ. ಬಿ.ಪಿ. ಇರುವವರು ಇದನ್ನು ಅನುಕರಿಸಬಾರದು.

ಒಂದು ಎಚ್ಚರಿಕೆ: ಈ ಕಾಯಿಲೆ ಇರುವ ಇಬ್ಬರು ಒಂದೇ ಕೋಣೆಯಲ್ಲಿ ಒಟ್ಟಿಗೆ ಅಭ್ಯಾಸ ಮಾಡಬಾರದು. ಒಬ್ಬರ ಶ್ವಾಸಕೋಶದ ರೋಗಾಣು ಇನ್ನೊಬ್ಬರಿಗೆ ದಾಟಬಹುದು. ಮನೆಯವರ ಜೊತೆ ಮಾಡಲು ಅಡ್ಡಿಯಿಲ್ಲ. ಆದರೆ ನೆಗಡಿ ಇದ್ದವರು ದೂರವಿರಲಿ.

ಕಫದಲ್ಲಿ ರಕ್ತ, ಇದ್ದಕ್ಕಿದ್ದಂತೆ ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸೋಣ. ವರ್ಷಗಟ್ಟಲೆ ಕೆಮ್ಮುತ್ತಾ ಸೊರಗಿದವರು ನಮ್ಮ ಬೀದಿಯಲ್ಲಿದ್ದಾರೆಯೇ? ಟಿ.ಬಿ. ಇಲ್ಲವೆಂದು ಗೊತ್ತಾದ ಮೇಲೂ ಅವರ ಕೆಮ್ಮು ನಿಂತಿಲ್ಲವೇ? ಅಂಥವರ ಜೊತೆ ಜಿಲ್ಲಾಸ್ಪತ್ರೆಗೆ ಒಬ್ಬ ಸದಸ್ಯೆ ಹೋಗಿಬಂದರೂ ಸಾಕು, ಅದು ದೊಡ್ಡ ಸಹಾಯ.