ಇಪ್ಪತ್ತೆರಡು ವರ್ಷ ನಿಂತ ಫಿಯೆಟ್ ಮತ್ತೆ ರಸ್ತೆಗಿಳಿದ ಬಗೆ

ಮುಂಬಯಿ: ವಿಲೆ ಪಾರ್ಲೆಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಭಿವೃದ್ಧಿಗೆ ಹೋಗುತ್ತಿರುವುದು ಇಲ್ಲಿ ನೆಲೆಸಿರುವ ನಮ್ಮ ಬಂಧುಗಳೆಲ್ಲರಿಗೂ ತಿಳಿದ ಸಂಗತಿ. 2023ರಲ್ಲಿ ನಾವಿದ್ದ ಕಟ್ಟಡಕ್ಕೂ ಆ ಸರದಿ ಬಂತು. ಮನೆಯ ಸಾಮಾನು ಸರಂಜಾಮುಗಳನ್ನು ಸಾಗಿಸುವ ಚಿಂತೆ ನಮಗಿರಲಿಲ್ಲ. ಹಿಂಭಾಗದ ಗ್ಯಾರೇಜಿನಲ್ಲಿ 2001ರಿಂದ ಅಲುಗಾಡದೆ ನಿಂತಿದ್ದ, ನಮ್ಮ ತೀರ್ಥರೂಪರ 1968ರ ಫಿಯೆಟ್ ಕಾರಿನದೇ ಚಿಂತೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಆ ಮೊತ್ತವನ್ನು ಕೇಳಿದ ತಾಯಿಯವರು ಏನೂ ಮಾತನಾಡದೆ ಒಳಗೆ ಹೋದರು. ಕಾರನ್ನು ಉಳಿಸುವ ನಿರ್ಧಾರ ಆಗಲೇ ಆಯಿತೆನ್ನಬಹುದು.

ಹಳೆಯ ಕಾರುಗಳ ಪುನರುಜ್ಜೀವನ ಎಂದೊಡನೆ ಜಾಗ್ವಾರ್, ಎಂಜಿ ಮೊದಲಾದ ಸ್ಪೋರ್ಟ್ಸ್ ಕಾರುಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಧರ್ಮಸ್ಥಳಕ್ಕೆ ಹೋದವರು ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ನೋಡಿ ಬೆರಗಾಗಿರುತ್ತಾರೆ. ಆದರೆ ಮುಂಬಯಿಯ ಮಧ್ಯಮ ವರ್ಗದ ಪಾಲಿಗೆ ಕಾರೆಂದರೆ ಫಿಯೆಟ್. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ನಮ್ಮ ಕುರ್ಲಾದಲ್ಲಿಯೇ ಇದನ್ನು ತಯಾರಿಸುತ್ತಿತ್ತು. ಮುಂದೆ 1970ರ ದಶಕದಲ್ಲಿ ಇದೇ ಕಾರು ‘ಪದ್ಮಿನಿ’ ಎಂಬ ಹೆಸರು ಪಡೆಯಿತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು, ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್. ಮದರಾಸಿನ ಷೋಳಾವರಂ ರೇಸುಗಳಲ್ಲಿ ಇದೇ ಫಿಯೆಟ್ ಕಾರುಗಳನ್ನು ಮಾರ್ಪಡಿಸಿ ಓಡಿಸುತ್ತಿದ್ದರೆಂಬುದನ್ನು ಇಂದಿನ ಹುಡುಗರು ನಂಬಲಿಕ್ಕಿಲ್ಲ.

ಬಹುಕಾಲ ನಿಂತ ಕಾರನ್ನು ಕಂಡ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ: ಹೊಸ ಬ್ಯಾಟರಿ ಇಟ್ಟು ಚಾವಿ ತಿರುಗಿಸಿ ನೋಡುವುದು. ನಾವು ಮೊದಲು ಕರೆಸಿದ ಗ್ಯಾರೇಜಿನವರೂ ಹಾಗೆಯೇ ಹೊರಟಿದ್ದರು. ಅವರ ಹೆಸರು ಇಲ್ಲಿ ಬೇಡ. ಆ ಹೊತ್ತಿಗೆ ಬ್ಯಾಟರಿಯ ತಂತಿಯಿಂದ ಹೊಗೆ ಬಂದದ್ದು ನಮ್ಮ ಪುಣ್ಯವೆನ್ನಬೇಕು, ಕೆಲಸ ಅಲ್ಲಿಗೇ ನಿಂತಿತು. ಡ್ಯಾಶ್‌ಬೋರ್ಡಿನ ಹಿಂದೆ ಇಲಿಗಳು ಗೂಡು ಕಟ್ಟಿ, ವೈರುಗಳ ಹೊದಿಕೆಯನ್ನು ತಿಂದು ಹಾಕಿದ್ದವು. ನಂತರ ಬಂದ ಮಿಸ್ತ್ರಿ ಹಲವು ವರ್ಷ ಕಾಳಿ-ಪೀಲಿ ಟ್ಯಾಕ್ಸಿಗಳ ಕೆಲಸ ಮಾಡಿದ ಹಿರಿಯರು. ಅವರು ಬ್ಯಾಟರಿಯನ್ನೇ ಹೊರಗೆ ತೆಗೆದಿಟ್ಟು, ಒಂದು ವಾರ ಯಾರೂ ಚಾವಿಯನ್ನು ಮುಟ್ಟಬಾರದೆಂದರು.

ಕಾರಣ ಸರಳವಾಗಿದೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರಿನ ಒಳಮೈ ಒಣಗಿರುತ್ತದೆ. ಜುಹೂ ಕಡಲ ಗಾಳಿ ಮತ್ತು ಮಳೆಗಾಲದ ತೇವ ಸೇರಿ ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಬಲವಂತವಾಗಿ ತಿರುಗಿಸಿದರೆ ಉಂಗುರ ಮುರಿಯುತ್ತದೆ, ಇಲ್ಲವೇ ಸಿಲಿಂಡರಿನಲ್ಲಿ ಗೀರು ಬೀಳುತ್ತದೆ. ಆದ್ದರಿಂದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಆ ತೂತುಗಳೊಳಗೆ ತೆಳುವಾದ ಎಣ್ಣೆಯನ್ನು ಬಿಟ್ಟು ಕಾಯಬೇಕು. ಎಂಟನೆಯ ದಿನ ಮಿಸ್ತ್ರಿಯವರು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ಅಲುಗಿಸಿದಾಗ ಅದು ಬೆರಳಗಲ ಸರಿಯಿತು. ಪೂರ್ತಿ ಒಂದು ಸುತ್ತು ಬರಲು ಇನ್ನೂ ಮೂರು ದಿನ ಹಿಡಿಯಿತು.

ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದಿದ್ದುದು ಪೆಟ್ರೋಲಲ್ಲ, ವಾರ್ನಿಷಿನ ವಾಸನೆಯ ಕಂದು ಅಂಟು. ಟ್ಯಾಂಕನ್ನು ಇಳಿಸಿ ತೊಳೆದು, ಕಾರ್ಬ್ಯುರೇಟರನ್ನು ಬಿಚ್ಚಿ ಅದರ ಸೂಕ್ಷ್ಮ ರಂಧ್ರಗಳನ್ನೆಲ್ಲ ಶುದ್ಧಗೊಳಿಸಿದ್ದಾಯಿತು. ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಂದು ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಪೆಟ್ರೋಲ್ ಹರಿಯುವ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥೆನಾಲ್ ತಾಳುವಂಥವುಗಳಿಗೆ ಬದಲಿಸದೆ ಗತ್ಯಂತರವಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಎಂಜಿನ್ನಿನ ವಿಷಯದಲ್ಲಿ ನಾವು ಇಷ್ಟು ಉತ್ಸಾಹದಿಂದಿದ್ದಾಗ ತಾಯಿಯವರು ಒಂದು ದಿನ ಗ್ಯಾರೇಜಿನ ಬಾಗಿಲಿಗೆ ಬಂದು, “ಓಡುವುದು ಹಾಗಿರಲಿ ಮಗಾ, ಬ್ರೇಕ್ ಹಿಡಿಯುತ್ತದಾ ನೋಡಿದ್ರಾ?” ಎಂದು ಕೇಳಿದರು. ಮಿಸ್ತ್ರಿಯವರಿಗೆ ಇದನ್ನು ಹಿಂದಿಯಲ್ಲಿ ತಿಳಿಸಿದಾಗ ಅವರು ನಕ್ಕು ಕೈ ಮುಗಿದರು. ನಿಜವಾಗಿ ಹೆಚ್ಚು ಸಮಯ ತೆಗೆದುಕೊಂಡದ್ದು ಬ್ರೇಕೇ. ಬ್ರೇಕ್ ಆಯಿಲ್ ಕೂಡ ತೇವವನ್ನು ಹೀರುವ ದ್ರವ. ಆ ನೀರಿನಿಂದ ಗಾಲಿಯೊಳಗಿನ ಪುಟ್ಟ ಸಿಲಿಂಡರುಗಳು ಒಳಗಿಂದ ತುಕ್ಕು ಹಿಡಿದು ಜಡವಾಗಿದ್ದವು. ರಬ್ಬರ್ ಕೊಳವೆಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿದ್ದವು. ಇಂಥ ಕೊಳವೆಯಿದ್ದರೆ ಒತ್ತಿದ ಬ್ರೇಕ್ ಬಿಡದೆ ಗಾಲಿ ಕಾಯುತ್ತದೆ. ಎಲ್ಲವನ್ನೂ ಬದಲಿಸಿದೆವು. ಟೈರುಗಳಲ್ಲಿ ಗೆರೆಗಳು ಸವೆದಿರಲಿಲ್ಲ, ಆದರೂ ಎಸೆದೆವು. ವಯಸ್ಸಾದ ರಬ್ಬರು ಗಟ್ಟಿಯಾಗಿ, ಓಡುವಾಗಲೇ ಒಡೆಯಬಹುದು.

ಬಿಡಿಭಾಗಗಳಿಗಾಗಿ ಕುರ್ಲಾದ ಅಂಗಡಿಗಳಿಗೆ ಎಷ್ಟು ಸಲ ಅಲೆದೆವೋ ಲೆಕ್ಕವಿಲ್ಲ. ಕಾರು ಹುಟ್ಟಿದ ಊರಿಗೇ ಅದರ ಅಂಗಾಂಗಗಳನ್ನು ಹುಡುಕಿಕೊಂಡು ಹೋದಂತಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿದ್ದು, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ನಿವೃತ್ತವಾಯಿತು. ನಮ್ಮ ಕೆಲಸ ನಡೆಯುತ್ತಿದ್ದುದು ಅದೇ ದಿನಗಳಲ್ಲಿ. ಟ್ಯಾಕ್ಸಿಗಳೇ ಇಲ್ಲವೆಂದ ಮೇಲೆ ಈ ಸಾಮಾನನ್ನು ಯಾರಿಗಾಗಿ ಇಟ್ಟುಕೊಳ್ಳಲಿ ಎಂದು ಒಬ್ಬ ಅಂಗಡಿಯವರು ತಮ್ಮಲ್ಲಿದ್ದ ಬ್ರೇಕ್ ಸಾಮಾನನ್ನೆಲ್ಲ ಒಟ್ಟಿಗೇ ನಮ್ಮ ಕೈಗೆ ಕೊಟ್ಟರು.

ಕವಚದ ಮಾತನ್ನೂ ಹೇಳಬೇಕು. ಈ ಫಿಯೆಟ್ಟಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ, ತಗಡಿನ ಕವಚವೇ ಅದರ ಎಲುಬು. ಆದುದರಿಂದ ನೆಲದ ತಗಡು ಅಥವಾ ಬಾಗಿಲ ಕೆಳಗಿನ ಅಂಚು ತುಕ್ಕಿನಿಂದ ತೂತಾಗಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಪುಟ್ಟಿ ತುಂಬಿಸಿ ಬಣ್ಣ ಬಳಿದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಚಿಕ್ಕ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ ಗುಟ್ಟು ರಟ್ಟಾಗುತ್ತದೆ, ಪುಟ್ಟಿ ದಪ್ಪವಾಗಿರುವಲ್ಲಿ ಅದು ಅಂಟುವುದಿಲ್ಲ. ನಮ್ಮ ಕಾರಿನ ಎಡಬದಿಯ ನೆಲವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕಾಯಿತು. ಖರ್ಚು ಕಾರಿನ ಪೇಟೆ ಬೆಲೆಯನ್ನು ಮೀರಿದ್ದು ಇಲ್ಲಿಯೇ. ಲಾಭ ನೋಡುವವರು ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಲೇಸು.

ಇನ್ನು ಕಾಗದಪತ್ರ. 50 ವರ್ಷ ದಾಟಿದ, ಮೂಲ ಸ್ವರೂಪ ಉಳಿದಿರುವ ವಾಹನಗಳಿಗಾಗಿ ಕೇಂದ್ರ ಸರಕಾರವು 2021ರಲ್ಲಿ ‘ವಿಂಟೇಜ್’ ನೋಂದಣಿಯ ನಿಯಮಗಳನ್ನು ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಹಳೆಯ ಸಂಖ್ಯೆಯಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಅಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮೊದಲಾದವುಗಳಿಗಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ತಾಯಿಯವರನ್ನು ದೇವಸ್ಥಾನಕ್ಕೂ ಮಾಟುಂಗದ ಕಾರ್ಯಕ್ರಮಗಳಿಗೂ ಕರೆದೊಯ್ಯಬೇಕೆಂಬುದೇ ನಮ್ಮ ಉದ್ದೇಶವಾಗಿದ್ದುದರಿಂದ ಸಾಧಾರಣ ನವೀಕರಣವನ್ನೇ ಆರಿಸಿಕೊಂಡೆವು. ಇದು ಐದು ವರ್ಷಕ್ಕೊಮ್ಮೆ ಆಗಬೇಕು. ತಪಾಸಣೆ, ತಡವಾದುದಕ್ಕೆ ದಂಡ, ರಾಜ್ಯದ ಪರಿಸರ ತೆರಿಗೆ, ವಿಮೆ, ಹೊಗೆ ಪ್ರಮಾಣಪತ್ರ ಎಲ್ಲವೂ ಇದ್ದವು. ನೋಂದಣಿ ಊರ್ಜಿತವಾಗುವ ತನಕ ಕಾರನ್ನು ಟೋಯಿಂಗ್ ಗಾಡಿಯ ಮೇಲೆಯೇ ಸಾಗಿಸಿದೆವು.

2025ರ ಜನವರಿಯ ಒಂದು ಭಾನುವಾರ ಬೆಳಗ್ಗೆ ಕಾರು ಪಾರ್ಲೆಯಿಂದ ಜುಹೂ ತನಕ ಹೋಗಿ ಬಂತು. ಮೊದಲ ಸಿಗ್ನಲ್ಲಿನಲ್ಲಿ ಅದು ನೆಟ್ಟಗೆ ನಿಂತಾಗ ಮುಂದಿನ ಆಸನದಲ್ಲಿದ್ದ ತಾಯಿಯವರು ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಕೈಯನ್ನು ಹಿಂದೆ ತೆಗೆದುಕೊಂಡರು. ಹೊಸ ಕಟ್ಟಡದ ಯಾಂತ್ರಿಕ ಪಾರ್ಕಿಂಗಿನಲ್ಲಿ ನಮಗೊಂದು ಜಾಗ ಸಿಗಲಿದೆ. ಸದ್ಯ ಕಾರು ಅಂಧೇರಿಯ ಬಾಡಿಗೆ ಶೆಡ್ಡಿನಲ್ಲಿದ್ದು, ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಅದನ್ನು ಓಡಿಸುತ್ತೇವೆ. ಮಳೆಗಾಲದಲ್ಲಿಯೂ ಇದನ್ನು ತಪ್ಪಿಸುವುದಿಲ್ಲ.